ಬಲಕ್ಕೆ ಎಳೆಯುವ ಗಾಡಿ

ಹುಲ್ಲು ಕತ್ತರಿಸುವ ಗಾಡಿಗೂ ಸ್ಟಿಯರಿಂಗ್ ಇರುತ್ತದೆ, ಅದರ ಮುಂದಿನ ಎರಡು ಪುಟ್ಟ ಚಕ್ರಗಳಿಗೂ ಸಿಟ್ಟು ಸೆಡವು ಇರುತ್ತದೆ ಎಂದು ನನಗೆ ತಿಳಿಸಿಕೊಟ್ಟವರು ಹೋದ ತಿಂಗಳು ತೀರಿಕೊಂಡರು. ಬೆಳಗೊಳದಲ್ಲಿ ಅವರ ಬಾಡಿಗೆ ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದೆ. ಬಂದವರೆಲ್ಲ ದೇವರಂಥ ಮನುಷ್ಯ, ಸಾಧು ಪ್ರಾಣಿ, ಒಬ್ಬರಿಗೂ ಎದುರಾಡಿದವರಲ್ಲ ಎಂದು ಹೇಳಿ ಹೋಗುತ್ತಿದ್ದರು. ನನಗೆ ಅಳುವಿನ ಜೊತೆ ಸಿಟ್ಟೂ ಬಂತು. ಅವರು ಸಾಧು ಅಲ್ಲವೇ ಅಲ್ಲ. ಜಗಳಗಂಟ, ಬಾಯಿಬಡುಕ, ತಮ್ಮ ಬಗ್ಗೆ ತಾವೇ ಹೊಗಳಿಕೊಳ್ಳುವ ಆಸಾಮಿ. ಹಾಗೆ ಇದ್ದವರನ್ನು ಹಾಗೇ ಇಟ್ಟುಕೊಳ್ಳೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಳಗೊಳದಿಂದ ಕೆ.ಆರ್.ಎಸ್. ಕಡೆಗೆ ಹೋಗುವ ದಾರಿಯಲ್ಲಿ ಹುಲ್ಲುಹಾಸಿನ ಮೇಲೆ ಮದುವೆ ಮಾಡಿಸುವ ಜಾಗವೊಂದಿದೆ. ಅಲ್ಲಿ ಬುಕಿಂಗ್ ನೋಡಿಕೊಳ್ಳುವವಳು ನಾನು. ನನ್ನ ತವರು ನಾಗಮಂಗಲ, ಸೇರಿದ ಮನೆ ಶ್ರೀರಂಗಪಟ್ಟಣ, ದಿನಾ ಸ್ಕೂಟರಿನಲ್ಲಿ ಓಡಾಟ. ಮದುವೆಗೆ ಬರುವವರಿಗೆ ಊಟ ಹೇಗಿದ್ದರೂ ನಡೆಯುತ್ತದೆ, ಡ್ರೋನಿನಲ್ಲಿ ಮೇಲಿನಿಂದ ತೆಗೆದ ಚಿತ್ರ ಮಾತ್ರ ಚೆನ್ನಾಗಿ ಬರಬೇಕು. ಅದಕ್ಕೆ ಹುಲ್ಲಿನ ಮೇಲೆ ಕ್ರಿಕೆಟ್ ಮೈದಾನದ ಹಾಗೆ ತಿಳಿಹಸಿರು ಕಡುಹಸಿರು ಪಟ್ಟೆಗಳು ಕಾಣಬೇಕು. ಆ ಜಾಗದ ಯಜಮಾನರು ಎಲ್ಲಿಂದಲೋ ಹಳೆಯದೊಂದು ಕೆಂಪು ಗಾಡಿ ತಂದರು. ಮೇಲೆ ಕುಳಿತು ಓಡಿಸುವಂಥದ್ದು, ಹೊಟ್ಟೆಯ ಕೆಳಗೆ ಬ್ಲೇಡು ತಿರುಗುತ್ತದೆ. ಅದನ್ನು ಓಡಿಸಲು ಇವರು ಬಂದರು.

ಕೆ.ಆರ್. ಪೇಟೆ ಕಡೆಯವರು. ಇಪ್ಪತ್ತರ ಹರೆಯದಿಂದ ಆಲೆಮನೆಗಳಿಗೆ ಕಬ್ಬು ಸಾಗಿಸುವ ಟ್ರಾಕ್ಟರು ಓಡಿಸಿದವರು. ಮೊದಲ ದಿನ ಗಾಡಿಯನ್ನು ಸುತ್ತ ಒಂದು ಸಲ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಕ್ಕರು.

"ಇದೇನವ್ವ, ನಿಮ್ಮ ಟ್ರಾಕ್ಟರು ಮರಿ ಹಾಕೈತಾ?"

ನಕ್ಕರೂ ಆವತ್ತೇ ಅದನ್ನು ತಮ್ಮದು ಮಾಡಿಕೊಂಡರು. ಸೀಟಿನ ಮೇಲೆ ಮಡಿಸಿದ ಟವೆಲ್ಲು ಬಿತ್ತು, ಗಾಡಿಗೆ 'ಎಮ್ಮೆ' ಎಂದು ಹೆಸರಾಯಿತು. ಆಮೇಲೆ ಇನ್ನೊಬ್ಬರು ಆ ಸೀಟಿನ ಮೇಲೆ ಕೂರುವ ಹಾಗಿರಲಿಲ್ಲ. ಯಜಮಾನರೇ ಒಂದು ಶನಿವಾರ ಆಸೆಪಟ್ಟು ಹತ್ತಿದಾಗ, "ಸೋಮಿ, ಅದ್ಕೆ ನಿಮ್ಮ ಭಾರ ಆಗಾಕಿಲ್ಲ" ಎಂದು ಇಳಿಸಿದ್ದರು. ಯಜಮಾನರು ನನ್ನ ಮುಖ ನೋಡಿದರು. ನಾನು ಯಾರದೋ ಫೋನ್ ಬಂದವಳ ಹಾಗೆ ಒಳಗೆ ಹೋದೆ.

ಅವರ ಸಾಲು ಎಂದರೆ ಸಾಲು. ಹೇಗೆ ಇಷ್ಟು ನೇರ ಬರುತ್ತದೆ ಎಂದು ಕೇಳಿದರೆ ಮೈದಾನದ ಆ ತುದಿಯ ತೆಂಗಿನ ಮರ ತೋರಿಸುತ್ತಿದ್ದರು. "ಕಣ್ಣು ಮರದ ಮ್ಯಾಲಿರ್ಬೇಕು ಕಣವ್ವ. ಚಕ್ರ ನೋಡ್ಕಂಡು ಓಡುಸುದ್ರೆ ಸಾಲು ಹಾವಾಯ್ತದೆ." ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸುತ್ತಿರಲಿಲ್ಲ. ಕಬ್ಬಿನ ಲೋಡು ತುಂಬಿದ ಟ್ರೇಲರನ್ನು ನಾಲೆಯ ಏರಿಯ ಮೇಲೆ ಹಿಂದಕ್ಕೆ ಹೊಡೆದ ಕತೆ ಬರುತ್ತಿತ್ತು. ಪ್ರತಿ ಸಲ ಏರಿ ಇನ್ನಷ್ಟು ಕಿರಿದಾಗುತ್ತಿತ್ತು, ಲೋಡು ಇನ್ನಷ್ಟು ಎತ್ತರವಾಗುತ್ತಿತ್ತು.

ಒಂದು ಮದುವೆಯಲ್ಲಿ ಗಂಡಿನ ಸೋದರಮಾವ ಮಳೆಗೆ ನೆಂದ ಹುಲ್ಲಿನ ಮೇಲೆ ತನ್ನ ಜೀಪು ತಂದು ನಿಲ್ಲಿಸಿದ. ದೊಡ್ಡ ಕುಳ, ಬಿಳಿ ಅಂಗಿ, ಹಿಂದೆ ಮುಂದೆ ಜನ. ಇವರು ಎಮ್ಮೆಯನ್ನು ತಂದು ಜೀಪಿಗೆ ಅಡ್ಡ ನಿಲ್ಲಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡು, ಗಾಡಿಯ ಮೇಲೆಯೇ ಎಲೆ ಇಟ್ಟುಕೊಂಡು ಮದುವೆ ಊಟ ಮಾಡಿದರು. ಪಾಯಸ ಎರಡನೇ ಸಲ ಹಾಕಿಸಿಕೊಂಡರು. ಆ ಮನುಷ್ಯ ಬಂದು "ತೆಗಿಯಪ್ಪ, ತಪ್ಪಾಯ್ತು" ಅನ್ನುವವರೆಗೂ ಕದಲಲಿಲ್ಲ. ಯಜಮಾನರಿಂದ ಬೈಸಿಕೊಂಡದ್ದು ನಾನು.

ಇಂಥವರು ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ ನನ್ನ ಆಫೀಸಿನ ಬಾಗಿಲಿಗೆ ಬಂದು, "ಎಮ್ಮೆ ಬಲಕ್ಕೆ ಎಳೀತಾ ಅದೆ" ಅಂದರು.

ಚಕ್ರದ ಗಾಳಿ ನೋಡಿದರು. ಮುಂದಿನ ಎರಡು ಚಕ್ರಗಳಲ್ಲಿ ಒಂದರಲ್ಲಿ ಗಾಳಿ ಕಡಿಮೆಯಿದ್ದರೆ ಗಾಡಿ ಆ ಕಡೆಗೆ ವಾಲುತ್ತದಂತೆ. ಸೈಕಲ್ ಪಂಪು ತಂದು ಹೊಡೆದರು, ಗುಣವಾಗಲಿಲ್ಲ. ಆಮೇಲೆ ಚಕ್ರಗಳು ಒಂದಕ್ಕೊಂದು ಸರಿಯಾಗಿ ನಿಂತಿವೆಯೇ ಎಂದು ಅಳೆಯಬೇಕಾಯಿತು. ಅದಕ್ಕೆ ಅವರದೇ ಒಂದು ಕ್ರಮ. ಭತ್ತವನ್ನು ಸಾಲಾಗಿ ನಾಟಿ ಮಾಡುವಾಗ ಗದ್ದೆಗೆ ಅಡ್ಡ ಹಿಡಿಯುವ ಗಂಟಿನ ಹುರಿಯೊಂದನ್ನು ಊರಿನಿಂದ ತಂದಿಟ್ಟುಕೊಂಡಿದ್ದರು. ಎರಡೂ ಚಕ್ರಗಳ ನಡುಮಧ್ಯೆ ಸೀಮೆಸುಣ್ಣದ ಗುರುತು ಹಾಕಿ, ಮುಂಭಾಗದಲ್ಲಿ ಒಮ್ಮೆ, ಹಿಂಭಾಗದಲ್ಲಿ ಒಮ್ಮೆ ಹುರಿ ಎಳೆದು ನೋಡುವುದು. ಹುರಿಯ ಒಂದು ತುದಿ ಹಿಡಿಯುವ ಭಾಗ್ಯ ನನ್ನದು. ಸೀರೆ ಎತ್ತಿ ಕಟ್ಟಿ ಹುಲ್ಲಿನ ಮೇಲೆ ಮಂಡಿಯೂರಿದ ಬುಕಿಂಗ್ ಮೇಡಮ್ಮನ್ನು ನೋಡಿ ಅಡುಗೆಯವರೆಲ್ಲ ನಗುತ್ತಿದ್ದರು.

"ಮುಂದೆ ಒಸಿ ಕಮ್ಮಿ ಬರ್ಬೇಕು," ಎಂದು ವಿವರಿಸುತ್ತಿದ್ದರು. "ಜೋಡಿ ಎತ್ತು ನೊಗ ಹೊತ್ಕಂಡಾಗ ತಲೆ ಒಳೀಕೆ ಹಾಕ್ತವಲ್ಲ, ಅಂಗೆ. ಜಾಸ್ತಿ ಹಾಕುದ್ರೆ ಒಂದುನ್ನೊಂದು ಗುದ್ದಾಡ್ತವೆ, ಟೈರು ಸವೀತದೆ."

ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ರಾಡನ್ನು ಸಡಿಲಿಸಿ, ಬಿಗಿಮಾಡಿ, ಮತ್ತೆ ಹುರಿ ಹಿಡಿಸಿ, ಸಂಜೆಯವರೆಗೂ ಒದ್ದಾಡಿದರು. ಮರುದಿನ ಹೊಡೆದ ಸಾಲು ಮತ್ತೆ ಬಲಕ್ಕೆ ಬಾಗಿತ್ತು.

ಪಾಂಡವಪುರದಿಂದ ಟಿಲ್ಲರು ರಿಪೇರಿ ಮಾಡುವ ಸಾಬರು ಬಂದರು. ಚಕ್ರದ ಕಂಬದ ಬುಶ್ಶು ಸವೆದಿದೆ ಎಂದು ಹೊಸದು ಹಾಕಿದರು, ಗ್ರೀಸು ತುಂಬಿದರು, ಶೆಡ್ಡಿನ ಮುಂದೆ ತಾವೇ ಒಂದು ಸುತ್ತು ಓಡಿಸಿ "ಬಿಲ್ಕುಲ್ ಸರಿಯಾಗೈತೆ" ಎಂದು ಹೋದರು. ಇವರು ಮೈದಾನಕ್ಕೆ ಇಳಿಸಿದ್ದೇ ತಡ, ಎಮ್ಮೆ ಬಲಕ್ಕೆ ತಿರುಗಿತು. "ಸಾಬ್ರು ಕಂಡ್ರೆ ಅದ್ಕೆ ಭಯ. ನನ್ ಕಂಡ್ರೆ ಸಲಿಗೆ," ಅಂದರು. ಹೀಗೆ ಹೇಳಿದಾಗ ನಾವು ನಕ್ಕೆವು.

ನಾಲ್ಕನೆಯ ಕಾರಣ ಕಂಡುಹಿಡಿದವರು ಅವರ ಹೆಂಡತಿ. ಬೆಳಗೊಳದಲ್ಲಿ ಮನೆಯಲ್ಲೇ ಹೊಲಿಗೆ ಹಾಕುವ, ಗಂಡ ಹತ್ತು ಮಾತಾಡಿದರೆ ಒಂದು ಮಾತಾಡುವ ಹೆಂಗಸು. "ಮದ್ವೆಗೆ ಬರೋ ಜನದ ಕಣ್ಣು ಒಂದಾ ಎರಡಾ, ದೃಷ್ಟಿ ಆಗೈತೆ" ಅಂದರು. ಸರಿ, ಅಮಾವಾಸ್ಯೆಯ ದಿನ ಉಪ್ಪು ಮೆಣಸಿನಕಾಯಿ ತಂದು ಗಾಡಿಗೆ ನಿವಾಳಿಸಿದರು. ಬೂದುಗುಂಬಳಕ್ಕೆ ಕುಂಕುಮ ತುಂಬಿ ಗೇಟಿನ ಹತ್ತಿರ ಒಡೆದರು. ನಿಂಬೆಹಣ್ಣು ಮೆಣಸಿನಕಾಯಿಯ ಸರ ಮುಂದಿನ ಬಂಪರಿಗೆ ನೇತುಬಿತ್ತು. ಇವರು ಪಕ್ಕದಲ್ಲಿ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದರು. ನಾವು ದೃಷ್ಟಿ ತೆಗೆದದ್ದೆಲ್ಲ ಗಾಡಿಗೆ. ಮನುಷ್ಯನ ಕಡೆ ಯಾರೂ ನೋಡಲಿಲ್ಲ.

ಆ ಎಡಗೈ ಆಗಾಗ ಜೇಬಿಗೆ ಹೋಗುವುದನ್ನು ನೋಡಿ "ಏನು, ಮಿನಿಸ್ಟರಾಗಿಬಿಟ್ಟಿರಾ?" ಎಂದು ರೇಗಿಸಿದ್ದೆ. ಅಂಗಿಗಳ ಗುಂಡಿ ಹೋಗಿ ಒತ್ತಿದರೆ ಹಿಡಿಯುವ ಟಿಚ್ ಬಟನ್ನು ಬಂದಿದ್ದವು. ಕೇಳಿದ್ದಕ್ಕೆ, "ನಿಮ್ಗೇನ್ ಗೊತ್ತು ಬುಡವ್ವ, ಈಗ ಇದೇ ಫ್ಯಾಸನ್ನು" ಅಂದರು. ಕಾಫಿ ಲೋಟ ಎರಡು ಸಲ ಕೈಜಾರಿತು. ಎರಡು ಸಲವೂ ಲೋಟದ ತಯಾರಕರಿಗೆ ಬೈಗುಳ ಬಿತ್ತು.

ಈ ನಡುವೆ ಒಂದು ದೊಡ್ಡ ಮನೆಯ ಮದುವೆ ಆಯಿತು. ಡ್ರೋನಿನ ಚಿತ್ರ ನೋಡಿದ ಹೆಣ್ಣಿನ ಕಡೆಯವರು ಯಜಮಾನರಿಗೆ ಫೋನ್ ಮಾಡಿದರು. ಮಂಟಪ ನಟ್ಟನಡುವೆ ನೇರವಾಗಿದೆ, ಪಟ್ಟೆಗಳೆಲ್ಲ ಬಲಕ್ಕೆ ಜಾರಿಕೊಂಡು ಹೋಗಿವೆ, ಇಡೀ ಮದುವೆಯೇ ವಾಲಿದ ಹಾಗಿದೆ. ಯಜಮಾನರು ಬಂದು ಮೊಬೈಲು ಅವರ ಮುಖಕ್ಕೆ ಹಿಡಿದರು. "ಇನ್ನೊಂದು ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಕೋತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಇವರು ಎದುರಾಡಲಿಲ್ಲ. ಅದೇ ನನಗೆ ಹೆದರಿಕೆಯಾಯಿತು. ಜಗಳಕ್ಕೆ ಕಾದು ನಿಲ್ಲುವ ಮನುಷ್ಯ ಸುಮ್ಮನೆ ಶೆಡ್ಡಿಗೆ ಹೋಗಿ ಗಾಡಿಯ ಕೆಳಗೆ ಮಲಗಿದರು. ಒಬ್ಬರೇ. ಹುರಿ ಹಿಡಿಯಲು ಕರೆಯಲಿಲ್ಲ.

ಮುಂದಿನ ಮದುವೆಗೆ ಸಾಲುಗಳು ನೇರವಾಗಿದ್ದವು. ಅದರ ಮುಂದಿನದಕ್ಕೂ. "ಎಲ್ಲಿತ್ತು ತೊಂದರೆ?" ಎಂದು ಕೇಳಿದರೆ, "ಎಲ್ಲಿತ್ತೋ ಅಲ್ಲಿತ್ತು. ಸಿಕ್ತು, ಸರಿ ಮಾಡ್ದೆ" ಅಂದರು. ಆಗಾಗ ಸ್ಪ್ಯಾನರು ಹಿಡಿದು ಗಾಡಿಯ ಕೆಳಗೆ ನುಗ್ಗುತ್ತಿದ್ದರು, ಒಂಚೂರು ಏನೋ ತಿರುಗಿಸಿ ಹೊರಬರುತ್ತಿದ್ದರು. ಏರಿಯ ಮೇಲೆ ಟ್ರೇಲರು ಹಿಂದಕ್ಕೆ ಹೊಡೆದ ಕತೆ ಮತ್ತೆ ಶುರುವಾಯಿತು. ಆ ಸೀಸನ್ನೆಲ್ಲ ನಾವು ನೆಮ್ಮದಿಯಾಗಿದ್ದೆವು.

ಆಯುಧಪೂಜೆ ಬಂತು. ಎಮ್ಮೆಯನ್ನು ತೊಳೆದು, ವಿಭೂತಿ ಬಳಿದು, ಸ್ಟಿಯರಿಂಗಿನ ಎರಡೂ ಕಡೆ ಬಾಳೆಕಂದು ಕಟ್ಟಿದರು. ಕಟ್ಟಿದ್ದು ಹೆಂಡತಿ, ಅವರಲ್ಲ. ಪೂಜೆ ಮುಗಿದು ಚಕ್ರಗಳಿಗೆ ನಿಂಬೆಹಣ್ಣು ಇಟ್ಟಾಗ ಅವರಿಗೆ ಅದೇನು ಉದಾರ ಬುದ್ಧಿ ಬಂತೋ, "ಅವ್ವ, ನೀವು ಕುಂತ್ಕಳಿ. ವರ್ಷೆಲ್ಲ ಹುರಿ ಹಿಡ್ದಿದ್ದೀರಿ, ಇವತ್ತು ನೀವೇ ನಿಂಬೆಣ್ಣು ಅತ್ಸಿ" ಅಂದರು. ಆ ಸೀಟು ಸಿಗುವುದೆಂದರೆ ಸಾಮಾನ್ಯವೇ. ಹತ್ತಿ ಕುಳಿತೆ. ಸ್ಕೂಟರು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ನೇರ ಹಿಡಿದು, ತೆಂಗಿನ ಮರದ ಮೇಲೆ ಕಣ್ಣಿಟ್ಟು ಬಿಟ್ಟೆ. ನಿಂಬೆಹಣ್ಣು ಚಟ್ ಅಂದವು. ಗಾಡಿ ಸೀದಾ ಎಡಕ್ಕೆ ಹೋಗಿ ಚೆಂಡುಹೂವಿನ ಕುಂಡಗಳನ್ನು ಬೀಳಿಸಿ ನಿಂತಿತು.

ಎಲ್ಲರೂ ನಕ್ಕರು. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಪ್ರಸಾದ ಹಂಚಿ ಜನ ಚದುರಿದ ಮೇಲೆ ಶೆಡ್ಡಿನ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತರು.

"ನಿಮ್ಮ ಕೈಯಿ ಸರಿಯಾಗೇ ಐತೆ ಕಣವ್ವ. ಗಾಡಿನೇ ಸರಿಯಿಲ್ಲ."

"ನೀವೇ ಸರಿಮಾಡಿದ್ದಿರಲ್ಲ?"

"ನನ್ಗೆ ಸರಿ ಮಾಡ್ಕಂಡಿವ್ನಿ."

ಆಗ ಎಡಗೈಯನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟು ತೋರಿಸಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರಬೇಕಾದ ಮಾಂಸ ಇರಲಿಲ್ಲ. ಅಲ್ಲಿ ಒಂದು ಗುಳಿ ಇತ್ತು. ಆ ಕೈ ಸ್ಟಿಯರಿಂಗ್ ಹಿಡಿಯುತ್ತಿರಲಿಲ್ಲ, ಸುಮ್ಮನೆ ಅದರ ಮೇಲೆ ಇರುತ್ತಿತ್ತು. ಬಲಗೈಯ ಭಾರವೆಲ್ಲ ಬಲಕ್ಕೆ ಬಿದ್ದು ಗಾಡಿ ಬಲಕ್ಕೆ ಹೋಗುತ್ತಿತ್ತು. ಗಾಡಿಯದು ತಪ್ಪಲ್ಲ ಎಂದು ಅವರಿಗೆ ಗೊತ್ತಾದ ದಿನ, ಸ್ಟಿಯರಿಂಗಿನಿಂದ ಚಕ್ರಕ್ಕೆ ಬರುವ ಉದ್ದ ರಾಡನ್ನು ತಿರುಗಿಸಿ ಚಕ್ರಗಳನ್ನು ಒಂಚೂರು ಎಡಕ್ಕೆ ನಿಲ್ಲಿಸಿದ್ದರು. ಅವರ ಬಲಕ್ಕೂ ಅದರ ಎಡಕ್ಕೂ ಸರಿಹೋಗಿ ಸಾಲು ನೇರ ಬರುತ್ತಿತ್ತು. ಕೈ ಸೋತಷ್ಟೂ ರಾಡನ್ನು ಇನ್ನಷ್ಟು ತಿರುಗಿಸುತ್ತಾ ಬಂದಿದ್ದರು.

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರ್ಸುದ್ರೆ ಓಡುಸ್ಬ್ಯಾಡ ಅಂತಾರೆ. ಅದ್ಕೆ ತೋರ್ಸಿಲ್ಲ."

ಗಂಡ ಹೆಂಡತಿಯನ್ನು ನಾನೇ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಸೂಜಿ ಚುಚ್ಚಿ ನೋಡಿದರು, ಫೋಟೋ ತೆಗೆದರು, ಮತ್ತೊಂದು ಸಲ ಬನ್ನಿ ಅಂದರು. ಕೊನೆಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಮಾಂಸಖಂಡಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಒಂದು ಕೈಯಲ್ಲಿ ಶುರುವಾಗುತ್ತದೆ, ಅಲ್ಲಿಗೇ ನಿಲ್ಲುವುದಿಲ್ಲ. ಯಾಕೆ ಬರುತ್ತದೆ ಗೊತ್ತಿಲ್ಲ. ನಿಧಾನ ಮಾಡಲು ಒಂದು ಮಾತ್ರೆ ಕೊಡಬಹುದು, ಗುಣವಾಗುವುದಿಲ್ಲ.

ಇವರು ಗಮನವಿಟ್ಟು ಕೇಳಿದರು. ಆಮೇಲೆ ಮುಂದಕ್ಕೆ ಬಾಗಿ, ರಿಪೇರಿಯವರ ಹತ್ತಿರ ಕೇಳುವ ದನಿಯಲ್ಲೇ ಕೇಳಿದರು. "ಒಂದ್ಕಡೆ ಬಿಗಿ ಮಾಡಿ ಇನ್ನೊಂದ್ಕಡೆ ಸಡ್ಲ ಬುಟ್ರೆ ಸರಿಯೋಗಾಕಿಲ್ವಾ ತಾಯಿ?"

ಡಾಕ್ಟರಮ್ಮ ಮೇಜಿನ ಮೇಲಿದ್ದ ಪೆನ್ನನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು. "ಇಲ್ಲ ಅಣ್ಣ," ಅಂದರು.

ಇದಾದ ಮೇಲೆ ನಾವು ಮಾಡದ ಕೆಲಸ ಉಳಿಯಲಿಲ್ಲ. ಕೆ.ಆರ್. ಪೇಟೆ ಕಡೆ ಎಣ್ಣೆ ಹಾಕಿ ಉಜ್ಜುವವರ ಹತ್ತಿರ ಅವರ ಭಾವಮೈದ ಕರೆದುಕೊಂಡು ಹೋದ. ನಾಗಮಂಗಲಕ್ಕೆ ಹೋದಾಗ ನಾನೇ ಒಂದು ತಾಯಿತ ಕಟ್ಟಿಸಿಕೊಂಡು ಬಂದೆ. ಇಂಥದ್ದನ್ನೆಲ್ಲ ಆಡಿಕೊಂಡು ನಗುವವಳು ನಾನು. ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಕುಳಿತಾಗ ನಗು ಬರಲಿಲ್ಲ. ಕಟ್ಟಿದಾಗ ಅವರು, "ಇದುನ್ನ ಎಮ್ಮೆಗೆ ಕಟ್ಟವ್ವ, ಅದಾದ್ರೂ ಬಾಳ್ಕತದೆ" ಅಂದರು. ತೋಳು ಎಷ್ಟು ಸಣ್ಣಗಾಗಿತ್ತೆಂದರೆ ದಾರ ಸುತ್ತಿ ಇನ್ನೂ ಉದ್ದ ಉಳಿಯಿತು.

ಗಾಡಿಯಿಂದ ಇಳಿಸಲು ನನಗೆ ಬಾಯಿ ಬರಲಿಲ್ಲ. ಯಜಮಾನರಿಗೆ ವಿಷಯ ತಿಳಿದಿತ್ತು. ಅವರೂ ಶನಿವಾರ ಬಂದು, ದೂರ ನಿಂತು ನೋಡಿ, ಕಾರು ಹತ್ತಿ ಹೋಗುತ್ತಿದ್ದರು. ಕೊನೆಗೆ ಇವರೇ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಬೀಗದ ಕೈ ತಂದಿಟ್ಟರು.

"ಮರೆ ಮುಗೀತು ಕಣವ್ವ."

ನನಗೆ ಅರ್ಥವಾಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಗಾಡಿಯ ಕೆಳಗೆ ಬಗ್ಗಿ ನೋಡಲು ಹೇಳಿದರು. ಉದ್ದ ರಾಡಿನ ತುದಿಯಲ್ಲಿ ನಟ್ಟು ಹತ್ತಿ ಇಳಿಯುವ ಸುರುಳಿ ಗೀರುಗಳಿರುತ್ತವೆ, ಅವೇ ಮರೆ. ಅವರು ತಿರುಗಿಸುತ್ತಾ ತಿರುಗಿಸುತ್ತಾ ನಟ್ಟು ಕೊನೆಯ ಮರೆಗೆ ಬಂದು ನಿಂತಿತ್ತು. "ಇನ್ನೊಂದು ಸುತ್ತು ತಿರುಗ್ಸುದ್ರೆ ಕಳಚ್ಕಂಡು ಬೀಳ್ತದೆ. ಮದ್ವೆ ಮನೇಲಿ ಯಾರ್ ಮ್ಯಾಲಾದ್ರೂ ಅತ್ಬುಟ್ರೆ?" ಅಂದರು. ಆಮೇಲೆ ಸೀಟಿನ ಮೇಲಿದ್ದ ಟವೆಲ್ಲನ್ನು ಬಲಗೈಯಿಂದ ಎಳೆದು ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆಗೆ ನಡೆದರು. ಅಷ್ಟು ಹೊತ್ತಿಗೆ ಕಾಲೂ ಎಳೆಯುತ್ತಿತ್ತು.

ಶ್ರೀರಂಗಪಟ್ಟಣದಿಂದ ಹೊಸ ಡ್ರೈವರು ಬಂದ. ಮೊದಲ ದಿನವೇ ಗಾಡಿ ಎಡಕ್ಕೆ ನುಗ್ಗಿ ಹೂವಿನ ಕಮಾನಿಗೆ ಗುದ್ದಿತು. ಪಾಂಡವಪುರದ ಸಾಬರನ್ನು ಮತ್ತೆ ಕರೆಸಿದೆವು. ಅವರು ಕೆಳಗೆ ನೋಡಿ, "ಅರೆ, ಯಾರಮ್ಮ ಇಷ್ಟು ಎಳೆದು ಮಡಗಿರೋದು? ಬೇಕಂತ್ಲೇ ಕೆಡಿಸವ್ರೆ!" ಅಂದರು. ಹುರಿ ಶೆಡ್ಡಿನ ಮೊಳೆಯಲ್ಲೇ ನೇತಾಡುತ್ತಿತ್ತು. ತಂದು ಒಂದು ತುದಿ ಸಾಬರಿಗೆ ಕೊಟ್ಟು ಇನ್ನೊಂದು ತುದಿ ನಾನೇ ಹಿಡಿದೆ. ನಟ್ಟು ಒಂದೊಂದೇ ಸುತ್ತು ಹಿಂದಕ್ಕೆ ಬಂತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಗಾಡಿ ಎಲ್ಲರಿಗೂ ಸರಿಯಾಯಿತು.

ಮತ್ತೆ ಆಯುಧಪೂಜೆ ಬಂದಾಗ ಅವರ ಹೆಂಡತಿ ಫೋನ್ ಮಾಡಿದರು. "ಒಂದ್ಸಲ ಕುಂತ್ಕಬೇಕಂತೆ." ಆಟೋದಲ್ಲಿ ಕರೆತಂದರು. ಅಷ್ಟು ಮಾತಾಡುತ್ತಿದ್ದ ಮನುಷ್ಯನ ಮಾತು ಈಗ ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು. ಅವರು ಗೊಣಗಿದ್ದನ್ನು ಆಕೆ ನಮಗೆ ಹೇಳಬೇಕಿತ್ತು. ನಾನೂ ಹೊಸ ಡ್ರೈವರೂ ಎರಡು ಕಡೆ ಹಿಡಿದು ಸೀಟಿನ ಮೇಲೆ ಕೂರಿಸಿದೆವು. ಹೆಗಲ ಮೇಲಿನ ಟವೆಲ್ಲನ್ನು ಹೆಂಡತಿ ಮಡಿಸಿ ಅವರ ಕೆಳಗೆ ಹಾಕಿದರು. ಬಲಗೈಯನ್ನು ಎತ್ತಿ ಸ್ಟಿಯರಿಂಗಿನ ಮೇಲೆ ಇಟ್ಟೆವು. ಎಡಗೈ ಮಡಿಲಲ್ಲೇ ಉಳಿಯಿತು. ಬ್ಲೇಡು ಇಳಿಸಬೇಕು ಎಂದು ಕಣ್ಣಿನಲ್ಲೇ ತೋರಿಸಿದರು. ಹೊಸ ಡ್ರೈವರು ಬ್ಲೇಡು ಇಳಿಸಿ, ಅತಿ ನಿಧಾನದ ಗೇರಿಗೆ ಹಾಕಿ, ಬ್ರೇಕಿನ ಹತ್ತಿರ ಕೈಯಿಟ್ಟುಕೊಂಡು ಪಕ್ಕದಲ್ಲಿ ನಡೆದ.

ಅವರ ಕಣ್ಣು ತೆಂಗಿನ ಮರದ ಮೇಲಿತ್ತು. ಆ ಕಣ್ಣಿಗೆ ಏನೂ ಆಗಿರಲಿಲ್ಲ. ಮೊದಲ ನಾಲ್ಕು ಮಾರು ಗಾಡಿ ನೇರ ಹೋಯಿತು. ಆಮೇಲೆ ಕೈಯ ಭಾರಕ್ಕೆ ಮೆಲ್ಲಗೆ ಬಲಕ್ಕೆ ತಿರುಗಿತು. ಅವರ ಕತ್ತಿನ ನರ ಉಬ್ಬಿತು. ಎಳೆಯುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು, ಕೈ ಬರುತ್ತಿರಲಿಲ್ಲ. ನಾನು ಕೈ ಹಾಕಿ ಸ್ಟಿಯರಿಂಗ್ ತಿರುಗಿಸಬಹುದಿತ್ತು. ಆ ಸೀಟಿನಲ್ಲಿ ಅವರು ಕುಳಿತಿರುವಾಗ ಅದನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಗಾಡಿ ಬಾಗುತ್ತಾ ಬಾಗುತ್ತಾ ಹೋಗಿ ಬೇಲಿಯ ಹತ್ತಿರ ನಿಂತಿತು.

ಅವರು ಏನೋ ಹೇಳಿದರು. ಹೆಂಡತಿ ಬಾಗಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಗಾಡಿ ಸರಿ ಮಾಡ್ಸಿದ್ದೀರಾ ಅಂತ ಕೇಳ್ತಾವ್ರೆ."

"ಹೂಂ," ಅಂದೆ. "ಮಾಡಿಸಿದೆವು."

ಮತ್ತೆ ಏನೋ ಹೇಳಿದರು. ಆಕೆ ಸೆರಗಿನಿಂದ ಅವರ ಬಾಯಿ ಒರೆಸಿದರು, ತಮ್ಮ ಕಣ್ಣು ಒರೆಸಿಕೊಂಡರು.

"ಒಳ್ಳೇದಾಯ್ತು, ಅಂಗೇ ಇರ್ಲಿ ಅಂತಾವ್ರೆ."

ಅವರು ಮತ್ತೆ ಆ ಗಾಡಿ ಹತ್ತಲಿಲ್ಲ. ಪೂಜೆಯ ಮರುದಿನವೇ ಒಂದು ಮದುವೆಯ ಬುಕಿಂಗ್ ಇತ್ತು. ಬೆಳಿಗ್ಗೆ ನೋಡಿದರೆ ಇಡೀ ಮೈದಾನದ ನೇರ ಪಟ್ಟೆಗಳ ಮೇಲೆ ಆ ಒಂದು ಸೊಟ್ಟ ಸಾಲು ಬೇಲಿಯವರೆಗೂ ಹೋಗಿತ್ತು. ಹೊಸ ಡ್ರೈವರು ಬೀಗದ ಕೈ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. "ಮೇಡಂ, ಮಧ್ಯಾಹ್ನ ಡ್ರೋನಿನವ್ರು ಬತ್ತಾರೆ. ಅದುನ್ನ ಅಳಿಸ್ಬುಡ್ಲಾ?"

ಮದುವೆಯವರಿಗೆ ಏನೆಂದು ಹೇಳಲಿ. "ಅಳಿಸಿಬಿಡಪ್ಪ," ಅಂದೆ.

ಕಿಟಕಿಯಲ್ಲಿ ನಿಂತು ನೋಡಿದೆ. ಗಾಡಿ ಆ ಸಾಲಿನ ಮೇಲೆ ಒಂಚೂರೂ ಅತ್ತಿತ್ತ ಎಳೆಯದೆ, ನೇರವಾಗಿ ತೆಂಗಿನ ಮರದ ಕಡೆಗೆ ಹೋಯಿತು.